ಮನೆ ಮಾರಿದಾಗೆಲ್ಲ ಒಂದು ಪರ್ಸೆಂಟ್, 99 ವರ್ಷ: ಟೆಕ್ಸಾಸ್‌ನಲ್ಲಿ ರೀಸೇಲ್ ಮನೆ ತಗೊಳ್ಳೋರು ಇದನ್ನ ಓದಿ

ಟೆಕ್ಸಾಸ್‌ನಲ್ಲಿ ರೀಸೇಲ್ ಮನೆ ಹುಡುಕ್ತಿರೋರು, ಅದ್ರಲ್ಲೂ 2011ಕ್ಕೆ ಮುಂಚೆ ಡೆವಲಪ್ ಆದ ಲೇಔಟ್‌ಗಳಲ್ಲಿ ನೋಡ್ತಿರೋರು ದಯವಿಟ್ಟು ಪೂರ್ತಿ ಓದಿ, ಉದ್ದ ಆಗತ್ತೆ ಆದ್ರೂ ಓದಿ. ಪ್ರೈವೇಟ್ ಟ್ರಾನ್ಸ್‌ಫರ್ ಫೀ ಅಂತ ಒಂದಿದೆ. ಮನೆ ಕೈ ಬದಲಾದಾಗೆಲ್ಲ ಮಾರಾಟದ ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಯಾರೋ ಒಬ್ಬ ಖಾಸಗಿಯವನಿಗೆ ಹೋಗ್ಬೇಕು ಅಂತ ಜಮೀನಿನ ದಾಖಲೆಯಲ್ಲೇ ಬರೆದಿಟ್ಟಿರ್ತಾರೆ. HOAಗೆ (ಲೇಔಟಿನ ಮನೆ ಮಾಲೀಕರ ಸಂಘಕ್ಕೆ) ಅಲ್ಲ, ಸರ್ಕಾರಕ್ಕೂ ಅಲ್ಲ. ಟೆಕ್ಸಾಸ್‌ನಲ್ಲಿ ಸರ್ಕಾರವೇ ಮನೆ ಮಾರಾಟದ ಮೇಲೆ ಟ್ರಾನ್ಸ್‌ಫರ್ ಟ್ಯಾಕ್ಸ್ ಹಾಕೋ ಹಾಗಿಲ್ಲ, 2015ರಲ್ಲಿ ಜನ ಓಟ್ ಹಾಕಿ ರಾಜ್ಯದ ಸಂವಿಧಾನದಲ್ಲೇ ಅದನ್ನ ಮುಚ್ಚಿದ್ದಾರೆ. ಸರ್ಕಾರಕ್ಕಿಲ್ಲದ ಹಕ್ಕು ಎಂದೋ ಜಾಗ ಬಿಟ್ಟು ಹೋದ ಡೆವಲಪರ್‌ಗೆ ಹೆಂಗ್ ಬಂತು ಅಂತ ನಾನು ಇವತ್ತಿಗೂ ತಲೆ ಕೆರ್ಕೋತಿದೀನಿ.

ನಮ್ದು ಡಲ್ಲಾಸ್ ಆಚೆಯ ಒಂದು ಸಬರ್ಬ್‌ನಲ್ಲಿ ನೋಡಿದ ಮನೆ, ಬೆಲೆ 4,20,000 ಡಾಲರ್. ಆಫರ್ ಒಪ್ಪಿದ್ರು, ಇನ್‌ಸ್ಪೆಕ್ಷನ್ ಆಯ್ತು, ಅಪ್ರೈಸಲ್ ಆಯ್ತು, ರೇಟ್ ಲಾಕ್ (ಸಾಲದ ಬಡ್ಡಿ ದರ ಇಷ್ಟು ದಿನ ಬದಲಾಗದ ಹಾಗೆ) ಮಾಡಿಸಿ ಆಯ್ತು, ಇನ್ನೇನು ಕ್ಲೋಸಿಂಗ್, ಅಂದ್ರೆ ದುಡ್ಡು ಕೊಟ್ಟು ಮನೆ ನಮ್ಮ ಹೆಸರಿಗೆ ಆಗತ್ತೆ ಅನ್ನೋ ಹೊತ್ತಿಗೆ, ಮನೆ ದಾಖಲೆ ನೋಡಿ ಮಾಲೀಕತ್ವಕ್ಕೆ ಇನ್ಶೂರೆನ್ಸ್ ಕೊಡೋ ಟೈಟಲ್ ಕಂಪನಿಯಿಂದ, ಯಾವ ಷರತ್ತಿನ ಮೇಲೆ ಇನ್ಶೂರೆನ್ಸ್ ಕೊಡ್ತೀವಿ ಅಂತ ಹೇಳೋ ತಿದ್ದಿದ ಟೈಟಲ್ ಕಮಿಟ್‌ಮೆಂಟ್ ಬಂತು. ಅದರ ಶೆಡ್ಯೂಲ್ ಬಿಯಲ್ಲಿ, ಅಂದ್ರೆ ಇನ್ಶೂರೆನ್ಸ್ ಒಳಗೆ ಬರದ ವಿಷಯಗಳ ಪಟ್ಟಿಯಲ್ಲಿ, ಕರೆಂಟ್ ಲೈನಿನ ಈಸ್‌ಮೆಂಟು ಡ್ರೈನೇಜ್ ಈಸ್‌ಮೆಂಟುಗಳ (ನಮ್ಮ ಜಾಗವನ್ನ ಬೇರೆಯವ್ರು ಬಳಸೋ ಹಕ್ಕು) ಮಧ್ಯೆ ಹೊಸದೊಂದು ಸಾಲು, 2009ರಲ್ಲಿ ರೆಕಾರ್ಡ್ ಆದ ಒಂದು ಡಿಕ್ಲರೇಷನ್, ಅಂದ್ರೆ ಜಮೀನಿಗೆ ಅಂಟಿಸಿದ ಷರತ್ತಿನ ಪತ್ರ. ಶೆಡ್ಯೂಲ್ ಸಿಯಲ್ಲಿ ಅದಕ್ಕೆ ಸಂಬಂಧಪಟ್ಟ ಫೀ ಕಟ್ಟಿ ಕ್ಲಿಯರ್ ಮಾಡ್ಬೇಕು, ಆಮೇಲೇ ಕ್ಲೋಸಿಂಗ್ ಅಂತ. ಆ ಡಾಕ್ಯುಮೆಂಟ್ ತರಿಸಿ ನೋಡಿದ್ರೆ, ಬಿಲ್ಡರ್ ಮಾಡೋ ಮೊದಲ ಮಾರಾಟ ಬಿಟ್ಟು ಆಮೇಲಿನ ಪ್ರತಿ ಮಾರಾಟಕ್ಕೂ ಒಂದು ಪರ್ಸೆಂಟ್, 99 ವರ್ಷದವರೆಗೆ, ಕಟ್ಟದಿದ್ರೆ ಮನೆ ಮೇಲೆ ಲೀನ್ (ಬಾಕಿ ದುಡ್ಡಿನ ಋಣಭಾರ). ಅಂದ್ರೆ ಈ ಸಲ 4,200 ಡಾಲರ್. ಮನೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಕೈ ಬದಲಾಗತ್ತೆ ಅಂತ ಇಟ್ಕೊಂಡ್ರೂ ಒಂಬತ್ತು ಸಲ, ಪ್ರತಿ ಸಲ ಆಗಿನ ಬೆಲೆ ಮೇಲೆ.

ಮಾರ್ತಿದ್ದ ದಂಪತಿಗೆ ಇದು ಗೊತ್ತೇ ಇರ್ಲಿಲ್ಲ, ಅವ್ರು ಬಿಲ್ಡರ್ ಹತ್ರವೇ ತಗೊಂಡಿದ್ದು, ಮೊದಲ ಮಾರಾಟಕ್ಕೆ ಫೀ ಇಲ್ವಲ್ಲ, ಹಾಗಾಗಿ ಯಾರೂ ಅವ್ರನ್ನ ಏನೂ ಕೇಳಿರ್ಲಿಲ್ಲ. ಈ ವ್ಯವಹಾರದ ಚಾಲಾಕಿತನ ಇರೋದೇ ಇಲ್ಲಿ. ಹೊಸ ಮನೆ ತಗೊಳ್ಳೋನಿಗೆ ನೋವೇ ಗೊತ್ತಾಗಲ್ಲ, ಮಾರೋಕೆ ಹೋದಾಗ ಗೊತ್ತಾಗತ್ತೆ. ಅವ್ರ ಏಜೆಂಟ್ ಫೋನಲ್ಲಿ "ಇದೆಲ್ಲ ಮಾಮೂಲಿ, HOA ಫೀ ತರನೇ, ಅರ್ಧರ್ಧ ಹಂಚ್ಕೊಳ್ಳಿ" ಅಂದ. ನಮ್ಮ ಏಜೆಂಟೂ ಹೂಂ ಅಂತ ತಲೆ ಆಡಿಸಿದ. ಅವನಿಗೆ ಕ್ಲೋಸಿಂಗ್ ಆದ್ರೆ ಕಮಿಷನ್, ಇನ್ನೇನು ಅಂತಾನೆ.

HOA ಫೀ ತರ ಅಲ್ವೇ ಅಲ್ಲ. HOA ತಗೊಳ್ಳೋ ಟ್ರಾನ್ಸ್‌ಫರ್ ಫೀ ನಿಮ್ಮ ಲೇಔಟಿನ ಈಜುಕೊಳಕ್ಕೋ ರಸ್ತೆಗೋ ಹೋಗತ್ತೆ, ಕಾನೂನಲ್ಲಿ ಅದಕ್ಕೆ ವಿನಾಯ್ತಿ ಇದೆ, ಹಾಗೇ ಕೆಲವು ಲಾಭರಹಿತ ಸಂಸ್ಥೆಗಳಿಗೂ ಇದೆ. ನಮ್ಮ ಕೇಸಲ್ಲಿ ದುಡ್ಡು ಹೋಗೋದು ಬೇರೆ ರಾಜ್ಯದಲ್ಲಿರೋ ಒಂದು ಟ್ರಸ್ಟೀ ಕಂಪನಿಗೆ, ಅಲ್ಲಿಂದ ಡೆವಲಪರ್‌ಗೂ ಇನ್ಯಾರ್ಯಾರಿಗೋ ಪಾಲು. ಆ ಕಾಲದಲ್ಲಿ ಇಂಥ ಸ್ಕೀಮ್ ಮಾರ್ತಿದ್ದೋರು ಡೆವಲಪರ್‌ಗಳಿಗೆ ಕೊಟ್ಟ ಆಸೆ ಏನಪ್ಪಾ ಅಂದ್ರೆ, ಮುಂದಿನ 99 ವರ್ಷದ ಫೀ ಆದಾಯವನ್ನೆಲ್ಲ ಗಂಟು ಕಟ್ಟಿ ವಾಲ್ ಸ್ಟ್ರೀಟ್‌ನಲ್ಲಿ ಬಾಂಡ್ ಮಾಡಿ ಮಾರಿ ಇವತ್ತೇ ಕ್ಯಾಶ್ ಕೊಡಿಸ್ತೀವಿ ಅಂತ. ಮನೆ ಬೆಲೆ ಸ್ವಲ್ಪ ಕಮ್ಮಿ ಆಗತ್ತೆ, ಕೊಳ್ಳೋರಿಗೂ ಲಾಭ ಅಂತಾನೂ ವಾದ ಇತ್ತು. ಕೊಳ್ಳೋನಿಗೆ ಫೀ ಇರೋದೇ ಗೊತ್ತಿಲ್ಲ ಅಂದ್ಮೇಲೆ ಯಾವ ಡಿಸ್ಕೌಂಟು ಕೇಳ್ತಾನೆ ಸ್ವಾಮಿ.

ನಮ್ಮನೆಯವಳು ಇನ್ನೂರು ಡಾಲರ್ ಬಿಲ್ಲನ್ನೂ ಎರಡು ಸಲ ಓದೋಳು, ಅವಳ ಹಟಕ್ಕೆ ಒಬ್ಬ ರಿಯಲ್ ಎಸ್ಟೇಟ್ ವಕೀಲರನ್ನ ಹಿಡಿದ್ವಿ. ಅವ್ರು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಬರೀತೀನಿ, ಇದು ಕಾನೂನು ಸಲಹೆ ಅಲ್ಲ, ನಿಮ್ಮ ಕೇಸಿಗೆ ನೀವೇ ವಕೀಲರನ್ನ ಕೇಳಿ.

ಟೆಕ್ಸಾಸ್ 2007ರಲ್ಲೇ ಇದಕ್ಕೆ ಒಂದು ಸಲ ಕೈ ಹಾಕಿತ್ತು, ಆದ್ರೆ ವಸತಿ ಮನೆ ಕೊಳ್ಳೋನಿಂದ ಫೀ ಕೇಳೋ ಹಾಗಿಲ್ಲ ಅಂತ ಬರೆದ್ರು, ಸ್ಕೀಮಿನವ್ರು ಸರಿ ಬಿಡಿ ಅಂತ ಮಾರೋನ ಮೇಲೆ ಫೀ ಬರೆದ್ರು. ನಮ್ಮ ಡಿಕ್ಲರೇಷನ್ನಲ್ಲೂ ಮಾರೋನೇ ಕಟ್ಟಬೇಕು ಅಂತಲೇ ಇದ್ದಿದ್ದು. ಆಮೇಲೆ 2011ರಲ್ಲಿ ಗಟ್ಟಿ ಕಾನೂನು ಬಂತು, ಪ್ರಾಪರ್ಟಿ ಕೋಡ್‌ನ 5ನೇ ಅಧ್ಯಾಯ, ಸಬ್‌ಚಾಪ್ಟರ್ ಜಿ. 2011ರ ಜೂನ್ 17ರಿಂದ ಆಚೆಗೆ ಹೊಸದಾಗಿ ಇಂಥ ಫೀ ಹುಟ್ಟಿಸೋ ಹಾಗೇ ಇಲ್ಲ. ಹಳೇದು ತಾನಾಗೇ ಸಾಯಲ್ಲ, ಆದ್ರೆ ಬದುಕ್ಬೇಕು ಅಂದ್ರೆ ಫೀ ತಗೊಳ್ಳೋನು 2012ರ ಜನವರಿ 31ರ ಒಳಗೆ ಕೌಂಟಿಯಲ್ಲಿ ಒಂದು ನೋಟಿಸ್ ರೆಕಾರ್ಡ್ ಮಾಡಿರ್ಬೇಕು, ಫೀ ಎಷ್ಟು, ಯಾವಾಗ ಮುಗಿಯತ್ತೆ, ದುಡ್ಡು ಯಾತಕ್ಕೆ, ಯಾರಿಗೆ, ವಿಳಾಸ ಏನು ಎಲ್ಲ ಅದ್ರಲ್ಲಿರ್ಬೇಕು, ಅದೂ 14 ಪಾಯಿಂಟ್ ದಪ್ಪ ಅಕ್ಷರದಲ್ಲಿ. ಅಷ್ಟಕ್ಕೇ ಮುಗಿಯಲ್ಲ, ಮೂರು ಮೂರು ವರ್ಷಕ್ಕೆ ಅದನ್ನ ಮತ್ತೆ ರೆಕಾರ್ಡ್ ಮಾಡ್ತಾ ಇರ್ಬೇಕು. ತಪ್ಪಿದ್ರೆ ಫೀ ಶೂನ್ಯ. ಮನೆ ಮಾರೋಕೆ ಫೀ ಕಟ್ಟಲೇಬೇಕು ಅಂತ ಹೇಳೋ ಹಾಗೂ ಇಲ್ಲ.

ನಮ್ಮ ವಕೀಲರು ಕೌಂಟಿ ಕ್ಲರ್ಕ್ ವೆಬ್‌ಸೈಟಲ್ಲೇ ಹುಡುಕಿದ್ರು. 2012ರ ಜನವರಿಯಲ್ಲಿ ಒಂದು ನೋಟಿಸ್ ಇತ್ತು, 2015ಕ್ಕೆ ಇನ್ನೊಂದು. ಆಮೇಲೆ ಏನೇನೂ ಇಲ್ಲ. ನಮಗೆ ಖುಷಿಯೋ ಖುಷಿ, ಗೆದ್ವಿ ಅಂತ.

ಆದ್ರೆ ಟೈಟಲ್ ಕಂಪನಿ ಒಪ್ಲಿಲ್ಲ! "ನಿಮ್ಮ ವಕೀಲರು ಹೇಳೋದು ಸರಿ ಇರ್ಬಹುದು, ಆದ್ರೆ ಕೋರ್ಟು ಹೇಳಿಲ್ಲ, ನಮಗೆ ಆ ಟ್ರಸ್ಟೀಯಿಂದ ಹಕ್ಕು ಬಿಟ್ಟುಕೊಟ್ಟ ಪತ್ರ, ರಿಲೀಸ್ ಬೇಕು" ಅಂದ್ರು. ಟ್ರಸ್ಟೀಗೆ ಫೋನ್ ಮಾಡಿದ್ರೆ ವಾಯ್ಸ್‌ಮೇಲ್. ನೋಟಿಸಿನಲ್ಲಿದ್ದ ವಿಳಾಸಕ್ಕೆ ಕಳ್ಸಿದ ಸರ್ಟಿಫೈಡ್ ಮೇಲ್ ವಾಪಸ್. ಕೊನೆಗೆ ಎಲ್ಲಿಂದಲೋ ಒಂದು ಇಮೇಲ್ ಐಡಿ ಸಿಕ್ಕಿ ಬರೆದ್ರೆ, ಮೂರು ವರ್ಷದ ನೋಟಿಸಿನ ಪ್ರಶ್ನೆಗೆ ಉತ್ತರವೇ ಇಲ್ಲ, ಬೇಗ ಕಟ್ಟಿದ್ರೆ ಫೀಯಲ್ಲಿ ರಿಯಾಯ್ತಿ ಕೊಡ್ತೀವಿ ಅಂತ! ಹಕ್ಕಿನಿಂದ ಬರೋ ದುಡ್ಡಾಗಿದ್ರೆ ಯಾರಾದ್ರೂ ಚೌಕಾಸಿ ಮಾಡ್ತಾರಾ.

ಈ ಮಧ್ಯೆ ಲೆಂಡರ್ ಕಡೆ ಸಾಲದ ಅರ್ಜಿ ಪರಿಶೀಲಿಸೋ ಅಂಡರ್‌ರೈಟರ್ ಕೂಡ ಗಾಡಿ ನಿಲ್ಲಿಸಿದ. ಅದಕ್ಕೂ ಕಾರಣ ಇದೆ. ಬ್ಯಾಂಕುಗಳಿಂದ ಮನೆ ಸಾಲಗಳನ್ನ ಕೊಂಡ್ಕೊಳ್ಳೋ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ FHFA 2012ರಲ್ಲಿ ಒಂದು ನಿಯಮ ತಂದಿದೆ, 2011ರ ಫೆಬ್ರವರಿ 8 ಅಥವಾ ಆಮೇಲೆ ಹುಟ್ಟಿದ ಇಂಥ ಫೀ ಇರೋ ಮನೆಯ ಸಾಲವನ್ನ ಅವು ಕೊಳ್ಳೋ ಹಾಗಿಲ್ಲ, ದುಡ್ಡು ಆ ಲೇಔಟಿಗೇ ನೇರ ಉಪಯೋಗಕ್ಕೆ ಬಂದ್ರೆ ಮಾತ್ರ ಬಿಡುಗಡೆ. ಫ್ಯಾನಿ ಫ್ರೆಡ್ಡಿ ತಗೊಳ್ಳಲ್ಲ ಅಂದ್ರೆ ಮಾಮೂಲಿ ಬ್ಯಾಂಕು ಸಾಲ ಕೊಡೋಕೆ ಹಿಂದೆ ಮುಂದೆ ನೋಡತ್ತೆ, ಮಾರೋನಿಗೆ ಗಿರಾಕಿಯೇ ಕಮ್ಮಿ. ನಮ್ಮದು 2009ರದ್ದಾದ್ರಿಂದ ಆ ನಿಯಮಕ್ಕೆ ಬರಲ್ಲ, ಆದ್ರೆ ಅದನ್ನ ಅಂಡರ್‌ರೈಟರ್‌ಗೆ ಒಪ್ಪಿಸೋ ಹೊತ್ತಿಗೆ ರೇಟ್ ಲಾಕ್ ಮುಗೀತು, ಎಕ್ಸ್‌ಟೆನ್ಷನ್ ಫೀ ನಮ್ಮ ತಲೆ ಮೇಲೆ ಬಂತು, ಅಪಾರ್ಟ್‌ಮೆಂಟ್ ಲೀಸ್ ಮುಗಿದು ತಿಂಗಳ ಲೆಕ್ಕದ ದುಬಾರಿ ಬಾಡಿಗೆನೂ ಬಂತು.

ಸೆಲ್ಲರ್‌ಗೆ ಬೇರೆ ರಾಜ್ಯದಲ್ಲಿ ಕೆಲಸ ಶುರುವಾಗ್ಬೇಕಿತ್ತು, ಪಾಪ ಕಾದು ಕಾದು ಸಾಕಾಗಿ ಅವ್ರೇ ಆ ರಿಯಾಯ್ತಿ ಫೀ ಕಟ್ಟಿಬಿಟ್ರು. ವಕೀಲರ ಪ್ರಕಾರ ಶೂನ್ಯ ಆಗಿರೋ ಫೀ! ಎಲ್ಲರಿಗೂ ಅರ್ಜೆಂಟು ಇರೋ ಹೊತ್ತಲ್ಲಿ ಕಾನೂನು ನಮ್ಮ ಕಡೆ ಇದ್ದೂ ಏನೂ ನಡೀಲಿಲ್ಲ. ಕ್ಲೋಸಿಂಗ್ ಆಯ್ತು, ಕೀ ಸಿಕ್ತು.

ಇನ್ನೂ ಇದೆ ಕೇಳಿ. ದುಡ್ಡು ಕಟ್ಟಿದ ಮೇಲೆ ಟ್ರಸ್ಟೀ ಕೊಟ್ಟಿದ್ದು ಈ ಒಂದು ಮಾರಾಟದ ಫೀ ಸಂದಾಯ ಆಗಿದೆ ಅನ್ನೋ ರಸೀದಿ ಅಷ್ಟೆ. ಡಿಕ್ಲರೇಷನ್ ರದ್ದಾಗಿದೆ ಅನ್ನೋ ರಿಲೀಸ್ ಅಲ್ಲ. ಟೈಟಲ್ ಕಂಪನಿಗೆ ಅವತ್ತಿನ ಕ್ಲೋಸಿಂಗಿಗೆ ಅಷ್ಟು ಸಾಕಾಯ್ತು, ಪಾಲಿಸಿ ಬಂದಾಗ ನೋಡಿದ್ರೆ ಅದೇ 2009ರ ಡಿಕ್ಲರೇಷನ್ ಶೆಡ್ಯೂಲ್ ಬಿಯಲ್ಲಿ ಎಕ್ಸೆಪ್ಷನ್ ಆಗಿ ಕೂತಿದೆ, ಅಂದ್ರೆ ನಾಳೆ ಅದರಿಂದ ನಮಗೇನಾದ್ರೂ ಆದ್ರೆ ಟೈಟಲ್ ಇನ್ಶೂರೆನ್ಸ್ ನಯಾಪೈಸೆ ಕೊಡಲ್ಲ. ನಾವು ಮಾರೋಕೆ ಹೋದಾಗ ಇದೇ ನಾಟಕ ಮತ್ತೆ, ಆಗ ಸೆಲ್ಲರ್ ಕುರ್ಚಿಯಲ್ಲಿ ನಾವು.

ಈಗ ಮನೆ ನೋಡ್ತಿರೋರಿಗೆ. ಈಸ್ಟ್ ಫೇಸಿಂಗಾ, ಸ್ಕೂಲ್ ರೇಟಿಂಗ್ ಎಷ್ಟು ಅಂತ ನೋಡೋ ಅಷ್ಟೇ ಆಸಕ್ತಿಯಿಂದ ಶೆಡ್ಯೂಲ್ ಬಿ ನೋಡಿ, ಅದ್ರಲ್ಲಿರೋ ಒಂದೊಂದು ಡಾಕ್ಯುಮೆಂಟ್ ನಂಬರಿನ ಕಾಪಿನೂ ಟೈಟಲ್ ಕಂಪನಿಯಿಂದ ಕೇಳಿ, ಬರೀ ಪಟ್ಟಿ ಓದಿದ್ರೆ ಏನೂ ಗೊತ್ತಾಗಲ್ಲ. ಕಾಂಟ್ರಾಕ್ಟಿನ 6ನೇ ಪ್ಯಾರಾದಲ್ಲಿ ಟೈಟಲ್ ಮೇಲೆ ಆಕ್ಷೇಪ ಎತ್ತೋಕೆ ಇಷ್ಟು ದಿನ ಅಂತ ಇರತ್ತೆ, ಹೊಸ ಎಕ್ಸೆಪ್ಷನ್ ಬಂದ್ರೆ ಮತ್ತೆ ಲಿಖಿತವಾಗಿ ಎತ್ತಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅದೇ ಪ್ಯಾರಾದಲ್ಲಿ ಪ್ರೈವೇಟ್ ಟ್ರಾನ್ಸ್‌ಫರ್ ಫೀ ಬಗ್ಗೆ ಒಂದು ಅಚ್ಚು ಸಾಲು ಇದೆ, ಫೀ ಇದ್ರೆ ಸೆಲ್ಲರ್ ನಿಮಗೆ ತಿಳಿಸ್ಬೇಕು ಅಂತ ಕಾನೂನೇ ಹೇಳತ್ತೆ, ಆದ್ರೆ ನಿಮ್ಮ ಮನೆಗೆ ಫೀ ಇದೆಯೋ ಇಲ್ವೋ ಅಂತ ಆ ಸಾಲು ಹೇಳಲ್ಲ, ಹಾಗಾಗಿ ಇಮೇಲಲ್ಲಿ ನೇರವಾಗಿ ಕೇಳಿ ಉತ್ತರ ತಗೊಳ್ಳಿ. ಫೀ ಇದೆ ಅಂತ ಆದ್ರೆ ಕೌಂಟಿ ಕ್ಲರ್ಕ್ ರೆಕಾರ್ಡಲ್ಲಿ ಮೂರು ವರ್ಷದ ನೋಟಿಸ್‌ಗಳ ಸರಪಳಿ ಎಲ್ಲಾದ್ರೂ ತುಂಡಾಗಿದ್ಯಾ ಅಂತ ಮೊದಲ ವಾರದಲ್ಲೇ ನೋಡಿಸಿ. ಯಾರಾದ್ರೂ ದುಡ್ಡು ಕಟ್ಟೋಕೆ ಹೊರಟ್ರೆ ರಸೀದಿಗೆ ಒಪ್ಪಬೇಡಿ, ರೆಕಾರ್ಡ್ ಆದ ರಿಲೀಸ್ ಬೇಕು ಅಂತ ಕೂರಿ.

ಕ್ಯಾಲಿಫೋರ್ನಿಯಾದಲ್ಲಿರೋ ಗೆಳೆಯನಿಗೆ ಇದೆಲ್ಲ ಹೇಳಿದ್ರೆ ಅವನ ಮನೆ ಪೇಪರ್ಸಲ್ಲೂ ಒಂದು ಇತ್ತು. ಅಲ್ಲಿ ಕಾನೂನು ಬೇರೆ. 2008ರಿಂದ ಅಲ್ಲಿ ಫೀ ಇದೆ ಅನ್ನೋದಕ್ಕೆ ಪ್ರತ್ಯೇಕ ಡಾಕ್ಯುಮೆಂಟೇ ರೆಕಾರ್ಡ್ ಆಗಿರ್ಬೇಕು, ಫೀ ಪರ್ಸೆಂಟ್ ಲೆಕ್ಕದಲ್ಲಿದ್ರೆ 2,50,000, 5,00,000, 7,50,000 ಡಾಲರ್ ಮನೆಗೆ ಎಷ್ಟೆಷ್ಟಾಗತ್ತೆ ಅಂತ ಉದಾಹರಣೆ ಸಮೇತ ಅದ್ರಲ್ಲಿ ಬರೆದಿರ್ಬೇಕು. 2019ರಿಂದ ವಸತಿ ಮನೆಗಳ ಮೇಲೆ ಹೊಸ ಫೀ ಹಾಕೋದನ್ನ ಕೆಲವು ವಿನಾಯ್ತಿ ಬಿಟ್ಟು ನಿಲ್ಲಿಸಿದ್ದಾರೆ. ಬಹುತೇಕ ರಾಜ್ಯಗಳಲ್ಲಿ ಒಂದಲ್ಲ ಒಂದು ತಡೆ ಇದೆ, ಆದ್ರೆ ತಾರೀಖು, ವಿನಾಯ್ತಿ ಎಲ್ಲ ಒಂದೊಂದು ಕಡೆ ಒಂದೊಂದು ತರ, ಟೆಕ್ಸಾಸ್ ಲೆಕ್ಕ ಹಿಡ್ಕೊಂಡು ಬೇರೆ ಕಡೆ ಹೋಗ್ಬೇಡಿ.

ನಮ್ಮ ವಕೀಲರು ಈಗ ಟ್ರಸ್ಟೀಗೆ ಡಿಕ್ಲರೇಷನ್ ಶೂನ್ಯ ಅಂತ ಒಪ್ಪಿ ರಿಲೀಸ್ ರೆಕಾರ್ಡ್ ಮಾಡಿ ಅಂತ ಡಿಮ್ಯಾಂಡ್ ಲೆಟರ್ ಕಳ್ಸಿದ್ದಾರೆ. ಇನ್ನೂ ಉತ್ತರ ಇಲ್ಲ. ಬರ್ದಿದ್ರೆ, ನೋಟಿಸ್ ತಪ್ಪಿದೆ ಅಂತ ಮಾಲೀಕರೇ ಅಫಿಡವಿಟ್ ರೆಕಾರ್ಡ್ ಮಾಡಿಸೋ ದಾರಿ ಇದೆಯಂತೆ, ಅದನ್ನೇ ಮಾಡಿಸ್ತೀವಿ, ಅಟಾರ್ನಿ ಜನರಲ್‌ಗೂ ದೂರು ಕೊಡ್ತೀವಿ. ಅದೇ ಲೇಔಟಲ್ಲಿರೋ ಪಕ್ಕದ ಮನೆಯವ್ರಿಗೆ ಡಿಕ್ಲರೇಷನ್ ಕಾಪಿ ತೋರಿಸ್ದೆ, ಅವ್ರೂ ಬಿಲ್ಡರ್ ಹತ್ರ ತಗೊಂಡೋರು, ಮುಂದಿನ ವರ್ಷ ಮಾರೋ ಪ್ಲಾನ್ ಇದೆ ಅಂದ್ರು, ಈಗ ಅದೇ ವಕೀಲರ ನಂಬರ್ ತಗೊಂಡಿದ್ದಾರೆ.