ಎಂಸಿಬಿ ಬಿದ್ದರೆ ದೊಡ್ಡದನ್ನು ಹಾಕಿಸಬೇಡಿ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯ ಅಟ್ಟಕ್ಕೆ ಕಳೆದ ಜುಲೈನಲ್ಲಿ ಬೆಂಕಿ ಬೀಳಲಿಲ್ಲ. ಬೀಳುವುದಕ್ಕೆ ಬೇಕಾದದ್ದನ್ನೆಲ್ಲ ಮಾತ್ರ ನಾವೇ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದೆವು.

ಹಿತ್ತಿಲ ಬದಿಗೆ ಹೊಸ ಬಚ್ಚಲುಮನೆ ಕಟ್ಟಿಸಿದ್ದೆವು. ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಊದಿ ಅತ್ತೆಯವರಿಗೆ ಸಾಕಾಗಿತ್ತು, ಅದಕ್ಕೇ 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ತಂದೆವು. ಮುಂಬಾಗಿಲ ಬಳಿಯ ಡಿಬಿಯಿಂದ (ಮನೆಯ ಲೈನುಗಳಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಅಟ್ಟದ ಮೇಲೆ ಹಾದು ಬಚ್ಚಲಿಗೆ ಸುಮಾರು 25 ಮೀಟರ್ ವೈರು. ವೈರಿಂಗ್ ಮಾಡಿದ ಹುಡುಗ ಒಂದೂವರೆ ಸ್ಕ್ವೇರ್, ಅಂದರೆ ಒಂದೂವರೆ ಚದರ ಮಿಲಿಮೀಟರ್ ದಪ್ಪದ, ವೈರು ಎಳೆದ. "ಇದು ಸಾಕಾಗುತ್ತದೆಯೇ?" ಎಂದು ಕೇಳಿದೆ. "ಕಾಪರ್ ಅಲ್ಲವೇ ಅಕ್ಕಾ, ಧಾರಾಳ" ಎಂದ. ನಾನೂ ಧಾರಾಳವಾಗಿ ನಂಬಿದೆ. ನಾಲ್ಕು ಸ್ಕ್ವೇರ್ ಕಾಯಿಲ್‌ನ ಬೆಲೆ ಕೇಳಿ ಆಗಲೇ ಬೆಚ್ಚಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಜೂನ್ ಬಂತು. ಇಲ್ಲಿನ ಮಳೆ ಗೊತ್ತಿರುವವರಿಗೆ ಬಟ್ಟೆ ಒಣಗಿಸುವ ಪಾಡೂ ಗೊತ್ತು. ಬಚ್ಚಲಿನ ಪಕ್ಕದ ಕೋಣೆಗೆ ಅದೇ ಲೈನಿನಿಂದ ಒಂದು ಪವರ್ ಸಾಕೆಟ್ ತೆಗೆಸಿ 2 ಕಿಲೋವ್ಯಾಟ್‌ನ ರೂಮ್ ಹೀಟರ್ ಇಟ್ಟೆವು. ಯಾರಾದರೂ ಸ್ನಾನಕ್ಕೆ ಹೋದಾಗ ಹೀಟರ್ ಉರಿಯುತ್ತಿದ್ದರೆ ಸ್ವಲ್ಪ ಹೊತ್ತಿಗೆ 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್ಚು) ಬೀಳುತ್ತಿತ್ತು. ಮೈಗೆ ಸೋಪು ಹಚ್ಚಿಕೊಂಡು ತಣ್ಣೀರಿನಡಿ ನಿಂತವರ ಬೈಗುಳ ಕೇಳಲಾರದೆ ಆ ಹುಡುಗನನ್ನೇ ಕರೆಸಿದೆ. "ಎಂಸಿಬಿ ವೀಕ್ ಆಗಿದೆ" ಎಂದು 32 ಆಂಪಿಯರ್‌ನದನ್ನು ಕೂರಿಸಿದ. ಹತ್ತು ನಿಮಿಷದ ಕೆಲಸ. ಆಮೇಲೆ ಅದು ಒಮ್ಮೆಯೂ ಬೀಳಲಿಲ್ಲ. ಅವನಿಗೆ ಕಾಫಿ ಕೊಟ್ಟು, ಕೈಗೆ ಇನ್ನೂರು ರೂಪಾಯಿ ಹೆಚ್ಚಿಗೆ ಇಟ್ಟು ಕಳುಹಿಸಿದ್ದೆ.

ಎರಡು ಮಳೆಗಾಲ ಹೀಗೇ ನಡೆಯಿತು. ಮೂರನೆಯದರಲ್ಲಿ ಒಂದು ಸಂಜೆ ಅತ್ತೆಯವರು "ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ" ಎಂದರು. ಒಲೆ ನೋಡಿದೆವು, ಟಿವಿ ನೋಡಿದೆವು. ಅಟ್ಟ ಹತ್ತಿದ ಮೇಲೆ ಕಂಡಿತು: ಬೆಲೆ ಬರಲಿ ಎಂದು ಇಟ್ಟಿದ್ದ ಕರಿಮೆಣಸಿನ ಚೀಲಗಳ ಅಡಿಯಲ್ಲಿ ವೈರಿನ ಪೈಪು ಕಂದುಗಟ್ಟಿ ಬಾಗಿತ್ತು. ಒಂದು ಚೀಲದ ತಳ ಅಂಗೈಯಗಲ ಕರಿದಾಗಿತ್ತು. ಪೈಪು ಬಿಚ್ಚಿಸಿದಾಗ ಒಳಗೆ ಎರಡು ವೈರನ್ನು ಹೊಸೆದು ಟೇಪು ಸುತ್ತಿದ ಜಾಯಿಂಟ್ ಇತ್ತು. ಟೇಪು ಬೂದಿಯಾಗಿತ್ತು.

ಆಮೇಲೆ ಬಂದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಗೀಸರ್ ಮತ್ತು ಹೀಟರ್ ಸೇರಿ 5000 ವ್ಯಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 22 ಆಂಪಿಯರ್. ಪೈಪಿನೊಳಗಿನ ಒಂದೂವರೆ ಸ್ಕ್ವೇರ್ ತಾಮ್ರದ ವೈರು ನೆಮ್ಮದಿಯಿಂದ ತಾಳುವುದು 15ರ ಆಸುಪಾಸು. ಕರೆಂಟು ಒಂದೂವರೆ ಪಟ್ಟಾದರೆ ಶಾಖ ಎರಡು ಪಟ್ಟನ್ನು ದಾಟುತ್ತದೆ. ಹೋಗಿಬರುವ 50 ಮೀಟರ್ ವೈರಿನಲ್ಲೇ ನಮ್ಮ ಮನೆ ಹೆಚ್ಚುಕಡಿಮೆ 300 ವ್ಯಾಟ್ ಸುಡುತ್ತಿತ್ತು, ಅದೂ ಗೋಣಿಚೀಲ ಹೊದೆಸಿ ಬೆಚ್ಚಗೆ ಮಲಗಿಸಿದ ಪೈಪಿನೊಳಗೆ. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ಗೆಂದು ಮಾಡಿದ್ದು. ಒಂದೇ ದಿನ ಕರಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಗಡುಸಾಗಿ ಬಿರಿಯುತ್ತದೆ. ಉಳಿದ ಕೆಲಸವನ್ನು ಸಡಿಲ ಜಾಯಿಂಟ್ ಮುಗಿಸಿತ್ತು.

ಅವರು ಹೇಳಿದ ಒಂದು ಮಾತಿಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ: "ಎಂಸಿಬಿ ಇರುವುದು ಗೀಸರ್ ಕಾಯಲಿಕ್ಕಲ್ಲ ಅಮ್ಮಾ, ವೈರು ಕಾಯಲಿಕ್ಕೆ." ನಮ್ಮ 16ರ ಎಂಸಿಬಿ ವೀಕ್ ಆಗಿರಲಿಲ್ಲ. ಇಡೀ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ, ಅದನ್ನೇ ಕಿತ್ತು ಎಸೆದಿದ್ದೆವು.

ಈಗ ಗೀಸರಿಗೆ ಡಿಬಿಯಿಂದಲೇ ನಾಲ್ಕು ಸ್ಕ್ವೇರ್‌ನ ಪ್ರತ್ಯೇಕ ಲೈನು, 20 ಆಂಪಿಯರ್ ಎಂಸಿಬಿ. ಹೀಟರಿನ ಸಾಕೆಟ್‌ಗೆ ಎರಡೂವರೆ ಸ್ಕ್ವೇರ್, 16 ಆಂಪಿಯರ್. ಒಂದೂವರೆ ಸ್ಕ್ವೇರ್ ವೈರು ದೀಪ, ಫ್ಯಾನುಗಳಿಗೆ ಮಾತ್ರ. ಅರ್ಥಿಂಗ್ ವೈರು ಎಲ್ಲ ಸಾಕೆಟ್‌ಗೂ ಹೋಗಿದೆ, ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದೆ. ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಪೈಪು ಅಟ್ಟದ ನೆಲ ಬಿಟ್ಟು ಗೋಡೆಯ ಮೇಲೆ ಹೋಗಿದೆ. ಷವರ್‌ನಿಂದ ಒಂದು ಮೊಳ ದೂರದಲ್ಲಿದ್ದ ಗೀಸರ್ ಸ್ವಿಚ್ಚು ಬಚ್ಚಲಿನ ಹೊರಗೆ ಬಂತು. ನೀರು ಬೀಳುವ ಜಾಗದ ಅಂಚಿನಿಂದ 60 ಸೆಂಟಿಮೀಟರ್‌ ಒಳಗೆ ಸ್ವಿಚ್ಚು, ಸಾಕೆಟ್ ಯಾವುದೂ ಇರಲೇಬಾರದಂತೆ. ಒದ್ದೆ ಕೈಯಲ್ಲಿ ಮೂರು ವರ್ಷ ಅದನ್ನು ಒತ್ತಿದ್ದೇವೆ.

ಅದೇ ಹುಡುಗ ಕಣದ ಆಚೆಯ ಪಂಪ್‌ಶೆಡ್‌ಗೂ ಲೈನು ಎಳೆದಿದ್ದ. ಮನೆಯೊಳಗೆ ಹಾಕುವ ವೈರನ್ನೇ ಬಯಲಿನಲ್ಲಿ ಎಳೆದು, ಕಂಬದ ಖರ್ಚು ಉಳಿಸಲು ನಡುವಿನ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ್ದ. ಬಿಸಿಲು ಮಳೆಗೆ ಅದರ ಹೊದಿಕೆ ಬಿರುಕು ಬಿಟ್ಟಿರುವುದನ್ನು ತೋರಿಸಿದವರೂ ಆ ಹಿರಿಯರೇ. ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಪ್ರತಿ ವರ್ಷ ನಮ್ಮ ಕೆಲಸದವರು ಅಲ್ಯುಮಿನಿಯಂ ಏಣಿ ಒರಗಿಸಿ ಹತ್ತುತ್ತಿದ್ದದ್ದು ಅದೇ ಮರಕ್ಕೆ. ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಮೆಣಸು ಕೊಯ್ಯುವಾಗ, ಮರಕಪಾತು (ನೆರಳು ಮರಗಳ ಕೊಂಬೆ ಸವರುವುದು) ಮಾಡುವಾಗ ಏಣಿ ಲೈನಿಗೆ ತಗಲಿ ಸತ್ತವರ ಸುದ್ದಿ ಕೊಡಗಿನಲ್ಲಿ ಹೊಸದಲ್ಲ.

ಮನೆಗೆ ಬರುವಂಥ ಲೈನು ಕಟ್ಟಡದ ಮೇಲೆ ಹಾದರೆ ಕನಿಷ್ಠ 2.5 ಮೀಟರ್, ಪಕ್ಕದಲ್ಲಿ ಹಾದರೆ 1.2 ಮೀಟರ್ ಅಂತರ ಇರಬೇಕು. 11 ಕೆವಿ (11,000 ವೋಲ್ಟ್) ಲೈನಾದರೆ ಮೇಲೆ 3.7 ಮೀಟರ್. ಆದರೆ ಇವು ಗೋಡೆ, ಮಾಡುಗಳಿಗೆ ಹೇಳಿದ ಅಳತೆ. ಅವು ಇದ್ದಲ್ಲೇ ಇರುತ್ತವೆ. 25 ಅಡಿಯ ಏಣಿಯನ್ನು ಇಬ್ಬರು ನೆಟ್ಟಗೆ ಹಿಡಿದು ಮರದಿಂದ ಮರಕ್ಕೆ ಸಾಗಿಸುವಾಗ ಅದರ ತುದಿ ಎತ್ತ ವಾಲುತ್ತದೆಂದು ಹಿಡಿದವರಿಗೇ ತಿಳಿಯುವುದಿಲ್ಲ. ಬಿದಿರಿನ ಏಣಿಯಾದರೂ ಒದ್ದೆಯಿದ್ದರೆ ನಂಬುವಂತಿಲ್ಲ.

ಪಂಪ್‌ಶೆಡ್‌ನ ಹಳೆಯ ವೈರನ್ನು ಡಿಬಿಯಲ್ಲೇ ಬಿಡಿಸಿಟ್ಟಿದ್ದೇವೆ. ಮಣ್ಣಿನಡಿ ಆರ್ಮರ್ಡ್ ಕೇಬಲ್ (ಲೋಹದ ಕವಚವಿರುವ ಕೇಬಲ್) ಹಾಕಿಸಲು ಮಳೆ ನಿಲ್ಲಬೇಕು. ಅಲ್ಲಿಯವರೆಗೆ ನೀರು ಡೀಸೆಲ್ ಪಂಪಿನಲ್ಲಿ.