ಆಡಮ್‌ನ ಕೊಳಲೋ, ಪ್ರೋಖ್‌ನ ವಿಳಂಬವೋ?

ಒಂದು ಧಾಟಿಯನ್ನು ಹಾಡಿ, ಅದನ್ನೇ ಮತ್ತೆ ಮತ್ತೆ ಹೊಸ ಅಲಂಕಾರಗಳೊಂದಿಗೆ ಬೆಳೆಸುವ ಕೃತಿಯೊಂದನ್ನು ಕಛೇರಿಗೆ ಆರಿಸಿಕೊಳ್ಳಬೇಕಾದ ಕೊಲರತುರಾ ಸೊಪ್ರಾನೊ (ತಾರಸ್ಥಾಯಿಯಲ್ಲಿ ವೇಗದ ಅಲಂಕಾರಗಳನ್ನು ಹಾಡಬಲ್ಲ ಹೆಣ್ಣುಕಂಠ) ಗಾಯಕಿಯ ಮುಂದೆ ಸಾಮಾನ್ಯವಾಗಿ ಇಬ್ಬರು ಸಂಗೀತ ರಚನಕಾರರ ಹೆಸರುಗಳು ಬರುತ್ತವೆ.

ಅಡಾಲ್ಫ್ ಆಡಮ್‌ನ ರಚನೆ, 1849ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ‘ಲೆ ತೊರೆಯಾದೋರ್’ ಎಂಬ ಹಾಸ್ಯ ಆಪೆರಾದ್ದು. ನಮ್ಮ ಮಕ್ಕಳು ‘ಟ್ವಿಂಕಲ್ ಟ್ವಿಂಕಲ್’ ಎಂದು ಹಾಡುವ ಧಾಟಿಯೇ ಅದರ ಮೂಲವಾದ್ದರಿಂದ, ಕೇಳುಗರು ಪ್ರತಿಯೊಂದು ಮಾರ್ಪಾಡನ್ನೂ ಸುಲಭವಾಗಿ ಗುರುತಿಸುತ್ತಾರೆ. ಅಂದರೆ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅವರಿಗೆ ತಿಳಿಯುತ್ತದೆ. ಜೊತೆಯಲ್ಲಿ ಕೊಳಲು ಇರುತ್ತದೆ. ಕೊಳಲು ನುಡಿಸಿದ ಬಿಡಿಬಿಡಿ ಸ್ವರಗಳನ್ನು ಕಂಠ ಅಷ್ಟೇ ಹಗುರವಾಗಿ ಹಿಂದಿರುಗಿಸಬೇಕು, ಮುಂದೆ ಇಬ್ಬರೂ ಒಂದೇ ಉಸಿರಿನಲ್ಲೆಂಬಂತೆ ಸಾಗಬೇಕು. ಈ ಸಂವಾದದ ಸೊಗಸಿಗೆ ನಾನು ಸದಾ ಮಾರುಹೋಗಿದ್ದೇನೆ.

ವಿಯೆನ್ನಾದ ಹೈನ್‌ರಿಷ್ ಪ್ರೋಖ್‌ನ ‘ದೇ, ತೋರ್ನಾ ಮಿಯೊ ಬೇನೆ’ ಬೇರೆ ಸ್ವಭಾವದ್ದು. ನಲ್ಲನನ್ನು ಮರಳಿ ಬಾ ಎಂದು ಕರೆಯುವ ವಿಳಂಬ ಧಾಟಿಯನ್ನು ಮೊದಲು ಎಳೆಎಳೆಯಾಗಿ, ನಿಂತ ದನಿಯಲ್ಲಿ ಹಾಡಬೇಕಾಗುತ್ತದೆ. ಆಮೇಲೆ ಬರುವ ವೇಗದ ಓಟಗಳು ಆ ಭಾವವನ್ನು ಅಳಿಸದಂತೆ ನೋಡಿಕೊಳ್ಳುವುದೇ ಕಷ್ಟ. ರೊಸ್ಸಿನಿಯ ‘ಸೆವಿಲ್ಲೆಯ ಕ್ಷೌರಿಕ’ ಆಪೆರಾದ ಸಂಗೀತಪಾಠದ ದೃಶ್ಯದಲ್ಲಿ ಗಾಯಕಿಯರು ಇದನ್ನು ಸೇರಿಸಿ ಹಾಡಿದ್ದುಂಟು.

ನುರಿತ ಕೊಳಲುವಾದಕರು ಜೊತೆಗಿದ್ದು, ಸಾಕಷ್ಟು ಅಭ್ಯಾಸಕ್ಕೆ ಸಮಯವಿದ್ದರೆ ಆಡಮ್‌ನನ್ನು ಆರಿಸಿ. ಪಿಯಾನೊ ಒಂದೇ ಜೊತೆಗಿದ್ದು, ಮಧ್ಯಸ್ಥಾಯಿಯಲ್ಲೂ ಕಂಠಕ್ಕೆ ತುಂಬುತನವಿದ್ದರೆ ಪ್ರೋಖ್ ಸೂಕ್ತ.