ಜಾಲಿ, ಹುಣಸಿ, ರೆಸಿನ್, ಜೀನ್ಸ್, ಎಬೊನೈಟ್: ನಮ್ಮ ಬಿಸಲಿಗೆ ತಡಿಯೋ ಪೆನ್ನು ಯಾವ್ದರಿಂದ ಮಾಡೋದು

ಕೈಯಿಂದ ಪೆನ್ ಮಾಡೋ ವಿಡಿಯೋ ನೋಡಿದ್ರ ಎಲ್ಲಾರೂ ಥಳಥಳ ಹೊಳಿಯೋ ರೆಸಿನ್ (ದ್ರವ ಹೊಯ್ದು ಗಟ್ಟಿ ಮಾಡೋ ಪ್ಲಾಸ್ಟಿಕ್ ಜಾತಿ ಮಾಲು) ಇಲ್ಲಾ ಹೊರದೇಶದ ಕಟಿಗಿ ತೋರಸ್ತಾರ, ಅದನ್ನ ನೋಡಿ ನಮ್ಮ ಕಡಿ ಹುಡುಗ್ರೂ ಆನ್‌ಲೈನ್‌ನಾಗ ಅವನ್ನ ತರಸಿ ರೊಕ್ಕ ಹಾಕ್ತಾರ. ನಾ ಇಲ್ಲಿ ಕೊಪ್ಪಳದಾಗ ಕುಂತು ಕೈಗೆ ಸಿಕ್ಕ ಮಾಲೆಲ್ಲಾ ಲೇತಿಗೆ ಹಚ್ಚಿ ನೋಡೀನಿ, ಮಾಡಿದ ಪೆನ್ನು ಜೇಬಿನಾಗ, ಗಾಡಿಯಾಗ, ಕಿಟಕಿ ಕಟ್ಟಿ ಮ್ಯಾಲ ಇಟ್ಟು ಬ್ಯಾಸಗಿ ದಾಟಿಸಿ ನೋಡೀನಿ. ನನ್ನ ಮಟ್ಟಿಗೆ ಹೇಳೋದಾದ್ರ ನಮ್ಮ ಒಣಾ ಬಿಸಲಿಗೆ ಎಲ್ಲಾದಕ್ಕಿಂತ ಚಲೋ ಮಾಲು ಹಳ್ಳದ ದಂಡಿಗೆ, ರಸ್ತೆ ಬಾಜೂಕ, ಕೆರಿ ಅಂಗಳದಾಗ ಪುಕ್ಕಟ ಬೆಳದು ನಿಂತಿರೋ ಬಳ್ಳಾರಿ ಜಾಲಿ. ಅದರ ನಂತರ, ನೀವು ನಂಬಂಗಿಲ್ಲ, ಬಳ್ಳಾರಿ ಜೀನ್ಸ್ ಬಟ್ಟಿ ತುಂಡು. ಯಾಕಂತ ಹೇಳ್ತೀನಿ.

ಮೊದಲ ಪೆನ್ನಿನ ಒಳಗ ಏನೈತಿ ಅನ್ನೋದು ಗೊತ್ತಿರಬೇಕು. ಸ್ಲಿಮ್‌ಲೈನ್ ಅಂತ ಬರೋ ಮಾಮೂಲಿ ಕಿಟ್‌ (ಪೆನ್ನಿನ ಬಿಡಿಭಾಗದ ಸೆಟ್) ಒಳಗ 7 ಎಂಎಂ ಹಿತ್ತಾಳಿ ಕೊಳವಿ ಎರಡು ಇರ್ತಾವ. ಮುಕ್ಕಾಲು ಇಂಚು ಚೌಕ, 5 ಇಂಚು ಉದ್ದದ ಒಂದು ತುಂಡು ತಗೊಂಡು (ಇದಕ್ಕ ಬ್ಲ್ಯಾಂಕ್ ಅಂತಾರ) ಎರಡು ಮಾಡಿ, ನಟ್ಟನಡುವ ತೂತು ಹೊಡದು, ಕೊಳವಿ ಅಂಟಿಸಿ, ಮ್ಯಾಂಡ್ರೆಲ್ ಅನ್ನೋ ಸರಳಿಗೆ ಏರಿಸಿ, ಎರಡೂ ತುದಿಗೆ ಅಳತಿಗೆ ಹಾಕೋ ಲೋಹದ ಬಳಿ, ಅಂದ್ರ ಬುಶ್ ಮಟ್ಟಕ್ಕ ಬರೋತನಕ ಉಳಿ ಹಿಡಿದು ತಗೀಬೇಕು. ಎಲ್ಲಾ ಮುಗದ ಮ್ಯಾಲ ಹಿತ್ತಾಳಿ ಮ್ಯಾಲ ಉಳಿಯೋ ಕಟಿಗಿ ತುದಿಗೆ ಒಂದು ಎಂಎಂ ಕೂಡ ಇರಂಗಿಲ್ಲ. ಈಗ ಏಪ್ರಿಲ್ ಮೇ ತಿಂಗಳಾಗ ರಾಯಚೂರು, ಬಳ್ಳಾರಿ ಕಡಿ 40 ಡಿಗ್ರಿ ದಾಟಿದಾಗ ಏನಾಗ್ತೈತಿ ನೋಡ್ರಿ: ಹಿತ್ತಾಳಿ ಕಾದು ಸ್ವಲ್ಪ ಹಿಗ್ಗತೈತಿ, ಮ್ಯಾಲಿನ ಕಟಿಗಿ ಇದ್ದ ಹಸಿ ಕಳಕೊಂಡು ಕುಗ್ಗತೈತಿ, ಆ ತೆಳ್ಳನ ಪದರ ತಡ್ಕೊಳ್ಳಾಕ ಆಗದ ಉದ್ದುದ್ದಕ ಸೀಳಿ ಬಿಡತೈತಿ. ಬೆಂಗಳೂರಿನ ತಂಪಿನಾಗ ವರ್ಷಗಟ್ಲೆ ಸುಮ್ಮನ ಇರೋ ಪೆನ್ನು ಇಲ್ಲಿ ಒಂದ ಬ್ಯಾಸಗಿಗೆ ಬಿರಕ ಬಿಡಬಹುದು. ಹಂಗಾಗಿ ನಾ ಹೊಳಪು ಬಣ್ಣ ನೋಡೋಕ್ಕಿಂತ ಮೊದಲ ಇದನ್ನ ನೋಡ್ತೀನಿ.

ಜಾಲಿ ಇಲ್ಲಿ ಗೆಲ್ಲೋದು ಇದರಾಗನ. ಮರ ಒಣಗುವಾಗ ಎಲ್ಲಾ ದಿಕ್ಕಿಗೂ ಒಂದ ಸಮ ಕುಗ್ಗಂಗಿಲ್ಲ. ಬಾಳಷ್ಟು ಕಟಿಗಿ ಬೆಳವಣಿಗಿ ಉಂಗುರದ ಗುಂಟ ಹೆಚ್ಚು, ತಿರುಳಿನಿಂದ ತೊಗಟಿ ದಿಕ್ಕಿಗೆ ಕಡಿಮಿ ಕುಗ್ಗತೈತಿ, ಹೆಚ್ಚುಕಡಿಮಿ ಎರಡು ಪಟ್ಟು ಫರಕ್ ಇರ್ತೈತಿ, ಆ ಎಳದಾಟಕ್ಕ ಸೊಟ್ಟ ಆಗೋದು, ಬಿರಿಯೋದು. ಬಳ್ಳಾರಿ ಜಾಲಿ ಬಳಗದ ಕಟಿಗಿಯೊಳಗ ಈ ಎರಡೂ ಹತ್ರಹತ್ರ ಸಮ, ಅದರ ಮ್ಯಾಲ ಒಟ್ಟು ಕುಗ್ಗೋದ ಭಾಳ ಕಡಿಮಿ. ಈ ಗಿಡ ಅಮೆರಿಕ ಖಂಡದ ಕಡಿಂದ 19ನೇ ಶತಮಾನದಾಗ ಭಾರತಕ್ಕ ಬಂದಿದ್ದು, ಅಲ್ಲಿ ಟೆಕ್ಸಾಸ್ ಕಡಿ ಇದರ ಸೋದರ ಗಿಡಕ್ಕ ಮೆಸ್ಕೀಟ್ ಅಂತಾರ, ಅದರಾಗ ಫರ್ನಿಚರ್ ಮಾಡ್ತಾರ, ನೆಲಕ್ಕ ಹಾಸ್ತಾರ, ಪೆನ್ ಮಾಡೋರಂತೂ ರೊಕ್ಕ ಕೊಟ್ಟು ತಗೋತಾರ. ನಾವು ಅದನ್ನ ಇದ್ದಲಿ ಭಟ್ಟಿಗೆ ಹಾಕ್ತೀವಿ. ನಮ್ಮ ಓಣಿ ಬಡಿಗೇರ ಕಾಕಾ ಮೊದಲ ಸಲ ನಾ ಜಾಲಿ ಕೊರಡು ಹೊತ್ಕೊಂಡು ಬಂದಾಗ "ಒಲಿಗೆ ಹಾಕೋದನ್ನ ಲೇತಿಗೆ ಹಾಕ್ತೀಯೇನೋ ತಮ್ಮಾ, ಇದ್ರಾಗ ಒಂದು ನೆಟ್ಟನ ಹಲಗಿ ಬರಂಗಿಲ್ಲ" ಅಂದ್ರು. ಕಾಕಾ ಹೇಳಿದ್ದು ಖರೇ, ಜಾಲಿ ಡೊಂಕು, ಗಂಟು, ಹಲಗಿ ಬರಂಗಿಲ್ಲ, ಆದ್ರ ಪೆನ್ನಿಗೆ ಬೇಕಾಗಿರೋದು ಬರೇ 5 ಇಂಚು, ಎಂಥಾ ಡೊಂಕ ಕೊರಡಿನಾಗೂ 5 ಇಂಚು ನೆಟ್ಟನ ತುಂಡು ಸಿಕ್ಕ ಸಿಗತೈತಿ. ಗಂಟಿನ ಸುತ್ತ ಇರೋ ಸುಳಿಯಂತೂ ಪೆನ್ನಿನ ಮ್ಯಾಲ ಬಂದ್ರ ನೋಡಾಕ ಎರಡು ಕಣ್ಣು ಸಾಲಂಗಿಲ್ಲ, ಹೊರಗಿನ ಹಳದಿ ಬಿಳಿ ಕಟಿಗಿ, ಒಳಗಿನ ಕೆಂಪುಗಂದು ಚೇಗು, ಎರಡೂ ಒಂದ ಪೆನ್ನಿನಾಗ ಬರಂಗ ಕೊಯ್ಯಬಹುದು.

ಜಾಲಿ ತಗೊಳ್ಳೋರಿಗೆ ಎರಡು ಮೂರು ಮಾತು. ದಪ್ಪನ ಬುಡದ ಕೊರಡ ತಗೋರಿ, ಸಣ್ಣ ಟೊಂಗಿಯಾಗ ಚೇಗು ಇರಂಗಿಲ್ಲ, ಬಿಳಿ ಭಾಗಕ್ಕ ಹುಳ ಬೀಳತೈತಿ. ಹಸಿ ಇದ್ದಾಗ ಬ್ಲ್ಯಾಂಕಿಗಿಂತ ಸ್ವಲ್ಪ ದಪ್ಪ ಕೊಯ್ದು, ಎರಡೂ ತುದಿಗೆ ಮೇಣ ಇಲ್ಲಾ ಫೆವಿಕಾಲ್ ಬಳದು ನೆರಳಿನಾಗ ಒಣಗಸ್ರಿ, ಬಿಸಲಿಗೆ ಇಟ್ರ ತುದಿ ಜಲ್ದಿ ಒಣಗಿ ಸೀಳತೈತಿ. ವಾರಕ್ಕೊಮ್ಮೆ ತೂಕ ಮಾಡ್ರಿ, ತೂಕ ಇಳಿಯೋದು ನಿಂತ್ರ ಒಣಗೇತಿ ಅಂತ ಅರ್ಥ. ತೂತು ಹೊಡಿಯುವಾಗ ಡ್ರಿಲ್ ನಿಧಾನ ತಿರುಗಬೇಕು, 500ರ ಆಸುಪಾಸು ಆರ್‌ಪಿಎಂ ಸಾಕು, ಸ್ವಲ್ಪ ಒಳಗ ಹೋದ ಕೂಡ್ಲೆ ಬಿಟ್ ಹೊರಗ ತಗದು ಪುಡಿ ಝಾಡಿಸಬೇಕು, ಇಲ್ಲಾಂದ್ರ ಗಟ್ಟಿ ಕಟಿಗಿ ಒಳಗಿಂದ ಕಾದು ಆಗ ಸೀಳಾಕ ಶುರು ಆಗತೈತಿ, ಅದು ಕಾಣೋದು ಆಮ್ಯಾಲ. ಮುಳ್ಳು ಜೋಪಾನ, ಚುಚ್ಚಿದ್ರ ಬಾವು ಬರತೈತಿ ಅನ್ನೋದು ನಮ್ಮ ಕಡಿ ದನ ಕಾಯೋ ಹುಡುಗನಿಗೂ ಗೊತ್ತು.

ಬನ್ನಿ ಕಟಿಗಿ ಯಾಕ ನೋಡಿಲ್ಲ ಅಂತ ಕೇಳಬ್ಯಾಡ್ರಿ, ಬನ್ನಿ ಗಿಡಕ್ಕ ನಾ ಕೊಡಲಿ ಹಚ್ಚಂಗಿಲ್ಲ.

ಹುಣಸಿ ನನಗ ಆಸೆ ಇದ್ದ ಕಟಿಗಿ. ಭಾರ ಐತಿ, ಗಟ್ಟಿ ಐತಿ, ತಿಳಿ ಹಳದಿ ಬಣ್ಣದಾಗ ನಡನಡುವ ಕರೀ ಗೆರಿ ಓಡಿದ್ದು ಸಿಕ್ಕರ ಜಾಲಿಗಿಂತ ಛಂದ. ಆದ್ರ ನಾರು ಒಂದಕ್ಕೊಂದು ಹೆಣಕೊಂಡಿರ್ತಾವ, ಉಳಿ ಒಂದು ಕಡಿ ನುಣ್ಣಗ ಹೋದ್ರ ಇನ್ನೊಂದು ಕಡಿ ಚಕ್ಕಿ ಎದ್ದು ಬರತೈತಿ. ಉಳಿ ಸಾಣಿ ಹಿಡದು ಹಿಡದು ಸಾಕಾಗತೈತಿ. ಒಣಗುವಾಗ ಬಿರಿಯೋದೂ ಜಾಲಿಗಿಂತ ಜಾಸ್ತಿ. ಸ್ಕ್ಯೂ ಅನ್ನೋ ಓರೆ ಬಾಯಿ ಉಳಿಯ ಮ್ಯಾಲ ಕೈ ಚಲೋ ಕುಂತೋರು ಮಾಡ್ರಿ, ಹೊಸಬರಿಗೆ ಬ್ಯಾಡ. ಬೇವೂ ಇದ ಜಾತಿ ನಾರು, ಆದ್ರ ಸ್ವಲ್ಪ ಮೆತ್ತಗ, ಮಹಾಗನಿ ಕುಟುಂಬದ ಮರ ಆದ್ದರಿಂದ ಪಾಲಿಶ್ ಕುಂತಮ್ಯಾಲ ಹಂಗ ಕೆಂಪಗ ಕಾಣತೈತಿ. ಸಾಗವಾನಿಯೊಳಗ ಎಣ್ಣಿ ಅಂಶ ಇರೋದ್ರಿಂದ ಕೊಳವಿ ಅಂಟು ಸರಿ ಹಿಡಿಯಂಗಿಲ್ಲ, ಅಂಟಸೋಕ್ಕಿಂತ ಮೊದಲ ಅಸಿಟೋನ್ ಹಚ್ಚಿ ಒರಸಬೇಕು, ಮತ್ತ ಅದರಾಗಿನ ಸಿಲಿಕಾ ಉಳಿ ಬಾಯಿ ಮುರಿತೈತಿ. ಬೀಟಿ ಸಿಕ್ಕರ ಹಳೇ ಕುರ್ಚಿ ಕಾಲಿಂದ ಅಷ್ಟ ತಗೋರಿ, ಧೂಳು ಕೆಲವರಿಗೆ ಮೈ ಕಡಿತೈತಿ, ಮಾಸ್ಕ್ ಇಲ್ಲದ ಮುಟ್ಟಬ್ಯಾಡ್ರಿ.

ಈಗ ರೆಸಿನ್. ಹುಡುಗ್ರು ಇದಕ್ಕ ಮರುಳಾಗೋದು ನನಗ ಅರ್ಥ ಆಗತೈತಿ, ಆ ಬಣ್ಣ ಕಟಿಗಿಯಾಗ ಬರಂಗಿಲ್ಲ. ಆದ್ರ ರೆಸಿನ್ ಅಂದ್ರ ಒಂದ ಅಲ್ಲ. ಫೈಬರ್ ಕೆಲಸದವ್ರ ಹತ್ರ ಸಿಗೋದು ಪಾಲಿಯೆಸ್ಟರ್, ಅಗ್ಗ, ಹೊಳಪು ಗಾಜಿನಂಗ ಬರತೈತಿ, ಆದ್ರ ಬಿರುಸು, ಉಳಿ ಸ್ವಲ್ಪ ಜಾಸ್ತಿ ಕಚ್ಚಿದ್ರ ಚೂರು ಹಾರಿ ಹೋಗತೈತಿ, ವಾಸನಿ ಮನಿ ತುಂಬ. ಅದರ ಜೋಡಿ ಕೊಡೋ ಎಂಇಕೆಪಿ ಹಾರ್ಡನರ್ ಕಣ್ಣಿಗೆ ಬಿದ್ರ ಕಣ್ಣ ಹೋಗಬಹುದು, ರೆಸಿನ್ ಜಲ್ದಿ ಗಟ್ಟಿ ಆಗಲಿ ಅಂತ ಹಾಕೋ ಕೋಬಾಲ್ಟ್ ದ್ರವದ ಜೋಡಿ ಅದನ್ನ ನೇರ ಕಲಸಿದ್ರ ಸ್ಫೋಟ ಆಗಬಹುದು. ಮೊದಲ ಕೋಬಾಲ್ಟ್ ರೆಸಿನ್‌ನಾಗ ಪೂರ್ತಿ ಕಲಸಿ ಆಮ್ಯಾಲ ಹಾರ್ಡನರ್, ಈ ಕ್ರಮ ತಪ್ಪಬಾರದು. ಎಪಾಕ್ಸಿ ಇದಕ್ಕಿಂತ ಗಟ್ಟಿಮುಟ್ಟು, ಚೂರು ಹಾರಂಗಿಲ್ಲ, ವಾಸನಿ ಕಡಿಮಿ. ಆದ್ರ ನಮ್ಮ ಬಿಸಲಿಗೆ ಅದರ ತೊಂದರಿ ಬ್ಯಾರೆ. ಕಲಸಿದ ಕೂಡ್ಲೆ ಅದು ತನ್ನಷ್ಟಕ್ಕ ಕಾಯತೈತಿ, ಹೊರಗೂ ಕಾವಿದ್ರ ಡಬ್ಬಿಯಾಗನ ಹೊಗಿ ಎದ್ದು ಗಟ್ಟಿ ಆಗಿಬಿಡತೈತಿ. ಬ್ಯಾಸಗ್ಯಾಗ ನಾ ಹೊತ್ತು ಹುಟ್ಟೋಕ್ಕಿಂತ ಮೊದಲ, ಸ್ವಲ್ಪ ಸ್ವಲ್ಪ ಕಲಸಿ, ತೆಳ್ಳಗ ಹೊಯ್ತೀನಿ. ಲೇತ್ ಮ್ಯಾಲೂ ಜೋರು ಓಡಿಸಿದ್ರ ಮೆತ್ತಗಾಗಿ ಉಳಿಗೆ ಅಂಟಕೋತೈತಿ. ಮಾಮೂಲಿ ಎಪಾಕ್ಸಿ 50, 60 ಡಿಗ್ರಿಗೆ ಮೆತ್ತಗಾಗಾಕ ಶುರು, ಬಿಸಲಾಗ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಅಷ್ಟು ಕಾವು ಸಲೀಸಾಗಿ ಬರತೈತಿ, ಅಲ್ಲಿ ಇಟ್ಟ ರೆಸಿನ್ ಪೆನ್ನಿನ ಮ್ಯಾಲ ಕ್ಲಿಪ್ ಒತ್ತಿದ ಗುರ್ತು ಬೀಳತೈತಿ, ಹೊಳಪು ಮಬ್ಬಾಗತೈತಿ. ಮೇಜಿನ ಮ್ಯಾಲ ಇಟ್ಟು ಬರಿಯೋರಿಗೆ ರೆಸಿನ್ ಅಡ್ಡಿಯಿಲ್ಲ.

ರೆಸಿನ್ ಒಳಗಿನ ಗಾಳಿ ಗುಳ್ಳಿ ಹೋಗಬೇಕಂದ್ರ ಪ್ರೆಶರ್ ಪಾಟ್ ಅನ್ನೋ ಗಟ್ಟಿ ಮುಚ್ಚಳದ ಪಾತ್ರಿ ಬೇಕು, ಕಂಪ್ರೆಸರ್ ಹಚ್ಚಿ 40ರಿಂದ 60 ಪಿಎಸ್ಐ ಒತ್ತಡ ಕೊಡ್ತಾರ. ಮನಿ ಕುಕ್ಕರಿಗೆ ತೂತು ಹೊಡದು ಗಾಳಿ ತುಂಬೋ ಐಡಿಯಾ ಯಾರೂ ಮಾಡಬ್ಯಾಡ್ರಿ, ಕುಕ್ಕರ್ ಕೆಲಸ ಮಾಡೋದ ಸುಮಾರು 15 ಪಿಎಸ್ಐಗೆ, ಸಿಡಿದ್ರ ಬಾಂಬ್ ಅದು. ಇನ್ನೊಂದು, ಪಾರದರ್ಶಕ ರೆಸಿನ್ ಹಾಕಿದ್ರ ಒಳಗಿನ ಹಿತ್ತಾಳಿ, ಅಂಟಿನ ಕಲಿ ಎಲ್ಲಾ ಕಾಣತೈತಿ, ಕೊಳವಿಗೆ ಮೊದಲ ಬಣ್ಣ ಹೊಡದು ಒಣಗಿಸಿ ಅಂಟಸಬೇಕು.

ರೆಸಿನ್ ನನ್ನ ಮನಸ್ಸಿಗೆ ಬಂದಿದ್ದು ಜೀನ್ಸ್ ಜೋಡಿ. ಬಳ್ಳಾರಿಯೊಳಗ ಜೀನ್ಸ್ ಹೊಲಿಯೋ ಕಡಿ ಕಟಿಂಗ್ ಟೇಬಲ್ ಕೆಳಗ ಬಟ್ಟಿ ತುಂಡು ರಾಶಿ ಬಿದ್ದಿರತೈತಿ. ಅದನ್ನ ತಂದು ಬಿಸಿನೀರಾಗ ಒಗದು ಗಂಜಿ ತಗದು ಪೂರ್ತಿ ಒಣಗಸ್ರಿ, ಹಸಿ ಇದ್ರ ಎಪಾಕ್ಸಿ ಹಿಡಿಯಂಗಿಲ್ಲ. ಪೂರ್ತಿ ಹತ್ತಿ ಬಟ್ಟಿ ಬೇಕು, ಹಿಗ್ಗೋ ಸ್ಟ್ರೆಚ್ ಜೀನ್ಸ್ ಬ್ಯಾಡ, ಅದು ಒತ್ತಿದಾಗ ಸರದಾಡತೈತಿ. ಒಂದೊಂದು ಪದರಕ್ಕೂ ಎಪಾಕ್ಸಿ ನೆನಸಿ ಇಪ್ಪತ್ತೈದು ಮೂವತ್ತು ಪದರ ಒಂದರ ಮ್ಯಾಲ ಒಂದು ಇಟ್ಟು, ಪ್ಲಾಸ್ಟಿಕ್ ಹಾಳಿ ಸುತ್ತಿದ ಎರಡು ಹಲಗಿ ನಡುವ ಹಾಕಿ ಕ್ಲ್ಯಾಂಪ್ ಬಿಗೀಬೇಕು. ಒಂದು ವಾರ ಬಿಟ್ಟು ಕೊಯ್ದ್ರ ಕಲ್ಲಿನಂಥಾ ಇಟ್ಟಂಗಿ ಸಿಗತೈತಿ. ಇದೇನು ಹೊಸ ಸಂಶೋಧನಿ ಅಲ್ಲ, ಬಟ್ಟಿ ಇಲ್ಲಾ ಕಾಗದದ ಪದರಕ್ಕ ರೆಸಿನ್ ಕುಡಿಸಿ ಮಾಡೋದಕ್ಕ ಮಿಕಾರ್ಟಾ ಅಂತಾರ, 20ನೇ ಶತಮಾನದ ಶುರುವಿನಾಗ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಕರೆಂಟ್ ಸಾಮಾನಿನ ಇನ್ಸುಲೇಶನ್‌ಗೆ ಅಂತ ತಯಾರು ಮಾಡಿದ್ದು, ಇವತ್ತು ಚಾಕು ಹಿಡಿಕಿಗೆ ಹಾಕ್ತಾರ. ಲೇತ್ ಮ್ಯಾಲ ದುಂಡಗ ಆದಂಗ ಆ ಪದರ ನೀಲಿ ಬಿಳಿ ಗೆರಿಯಾಗಿ ಸುತ್ತ ಬಿಚ್ಚಿಕೊಂತ ಹೋಗೋದು ನೋಡಬೇಕು ನೀವು. ಒಳಗ ಹತ್ತಿ ನಾರು ಹಿಡ್ಕೊಂಡಿರೋದ್ರಿಂದ ಬರೇ ರೆಸಿನ್‌ಕಿಂತ ಬಿಸಲಿಗೆ ಗಟ್ಟಿ ನಿಲ್ಲತೈತಿ, ಕೆಳಗ ಬಿದ್ರೂ ಚೂರು ಏಳಂಗಿಲ್ಲ. ಕೆಟ್ಟದ್ದು ಏನಂದ್ರ ಉಳಿ ಬಾಯಿ ಜಲ್ದಿ ಹೋಗತೈತಿ, ಕಾರ್ಬೈಡ್ ತುದಿ ಇದ್ರ ಚಲೋ, ಮತ್ತ ಧೂಳು ಭಾಳ ಸಣ್ಣದು, ಬರೇ ಟವೆಲ್ ಕಟಗೊಂಡ್ರ ನಡಿಯಂಗಿಲ್ಲ. ಇಳಕಲ್ ಸೀರಿ ದಡಿ ತುಂಡೂ ಹಿಂಗ ಹಾಕಬಹುದು, ಆದ್ರ ಅದನ್ನ ಕೊಳವಿ ಸುತ್ತ ಸುತ್ತಿ ಮ್ಯಾಲ ಪಾರದರ್ಶಕ ಎಪಾಕ್ಸಿ ಹೊಯ್ದ್ರ ಅಷ್ಟ ದಡಿ ದಡಿಯಂಗ ಕಾಣತೈತಿ, ಪದರ ಮಾಡಿದ್ರ ಬರೇ ಕೆಂಪು ಗೆರಿ.

ಎಬೊನೈಟ್ ಬಗ್ಗೆ ಕೇಳೋರು ಇರ್ತಾರ. ರಬ್ಬರಿಗೆ ಗಂಧಕ ಜಾಸ್ತಿ ಹಾಕಿ ಗಟ್ಟಿ ಮಾಡಿದ ಮಾಲು ಅದು, ನಮ್ಮ ದೇಶದಾಗ ಕೈಯಿಂದ ಮಾಡೋ ಇಂಕ್ ಪೆನ್ನಿನ ಜೀವಾಳ, ರಾಜಮಹೇಂದ್ರಿಯ ರತ್ನಂ ಪೆನ್ನು ಗಾಂಧೀಜಿ ಕಾಲದಿಂದ ಹೆಸರು ಮಾಡಿದ್ದು ಇದರಾಗನ. ಕೈಗೆ ಹಿಡದ್ರ ಬೆಚ್ಚಗ, ಹಗುರ, ಬೆವರಿಗೆ ಜಾರಂಗಿಲ್ಲ, ಬರಿಯೋ ಸುಖಕ್ಕ ಇದಕ್ಕ ಸಮ ಇನ್ನೊಂದಿಲ್ಲ ಅಂತ ನಾ ಒಪ್ಪತೀನಿ. ಆದ್ರ ಇದಕ್ಕ ಕಿಟ್ ಹಾಕಿ ಮಾಡೋದು ದಂಡ, ಟ್ಯಾಪ್ ಡೈ ತಗೊಂಡು ತಿರುಪಿನ ಥ್ರೆಡ್ ಕೊರದು ಇಡೀ ಪೆನ್ನು ಎಬೊನೈಟಿನಾಗನ ಮಾಡಬೇಕು, ಅದಕ್ಕ ಕೈ ಪಳಗಾಕ ವ್ಯಾಳೆ ಬೇಕು. ಇನ್ನ ಬಿಸಲಾಗ ಇಟ್ರ ಕರೀ ಬಣ್ಣ ಹೋಗಿ ಮಾಸಲು ಕಂದು ಹಸಿರು ಆಗತೈತಿ. ನೆರಳಿನಾಗ ಇಡೋರಿಗೆ ಅಷ್ಟ ಇದು.

ಪಾಲಿಶ್ ವಿಚಾರಕ್ಕ ಬಂದ್ರ ಎಲ್ಲಾರೂ ಮಾಡೋದು ಫೆವಿಕ್ವಿಕ್ ಜಾತಿ ಅಂಟಿನ ತೆಳ್ಳನ ಪದರ ಮ್ಯಾಲ ಮ್ಯಾಲ ಕೊಡೋದು. ಗಟ್ಟಿ ನಿಲ್ಲತೈತಿ, ಬೆವರಿಗೆ ಹೆದರಂಗಿಲ್ಲ. ಹಚ್ಚಾಕ ಟಿಶ್ಯೂ ಕಾಗದ ತಗೋರಿ, ಹತ್ತಿ ಬಟ್ಟಿ ಬ್ಯಾಡ, ಹತ್ತಿಗೆ ಆ ಅಂಟು ತಾಗಿದ್ರ ಒಮ್ಮೆಲೆ ಕಾದು ಬೆರಳು ಸುಡತೈತಿ. ಚನ್ನಪಟ್ಟಣದವ್ರಂಗ ಅರಗಿನ ಕಡ್ಡಿ ಒತ್ತಿ ತಾಳೆ ಗರಿಯಿಂದ ಉಜ್ಜಿದ್ರ ಬಣ್ಣ ಅಮೋಘ, ಆದ್ರ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಹಿಡದ್ರ ಅರಗು ಕರಗಿ ಬೆರಳ ಗುರ್ತು ಕುಂದರತೈತಿ, ಗೊಂಬಿಗೆ ಸರಿ, ದಿನಾ ಹಿಡಿಯೋ ಪೆನ್ನಿಗೆ ಅಲ್ಲ. ಜಾಲಿಗೆ ನಾ ಹಚ್ಚೋದು ಅಗಸಿ ಎಣ್ಣಿ. 600 ನಂಬರ್ ಮರಳು ಕಾಗದ ಆದಮ್ಯಾಲ ತೆಳ್ಳಗ ಎಣ್ಣಿ ಒರಸಿ, ಉಳಿದದ್ದು ಪೂರ್ತಿ ತಗದು, ಒಣಗಾಕ ದಿನಗಟ್ಲೆ ಬಿಟ್ಟು ಮತ್ತ ಒರಸೋದು. ಕಟಿಗಿ ಕಟಿಗಿಯಂಗ ಕೈಗೆ ಸಿಗತೈತಿ, ಹಿಡದಷ್ಟೂ ಕಪ್ಪಗ ಕೆಂಪಗ ಆಗತೈತಿ. ಎಣ್ಣಿ ಒರಸಿದ ಬಟ್ಟಿ ಮಾತ್ರ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಅಗಸಿ ಎಣ್ಣಿ ಒಣಗುವಾಗ ಕಾವು ಹುಟ್ಟಿ ತಾನ ಬೆಂಕಿ ಹತ್ತತೈತಿ, ಬಯಲಾಗ ಹರವಿ ಒಣಗಸ್ರಿ.

ಕಿಟ್ ತಗೊಳ್ಳುವಾಗ ಬಂಗಾರದ ಲೇಪಕ್ಕ ಆಸೆ ಪಡಬ್ಯಾಡ್ರಿ, ಬೆವರಿಗೆ ಕ್ಲಿಪ್ ಮ್ಯಾಲ ಜಲ್ದಿ ಸವೀತೈತಿ, ಕ್ರೋಮ್ ಬಾಳಿಕಿ ಬರತೈತಿ. ಸ್ಲಿಮ್‌ಲೈನಿಗೆ ಕ್ರಾಸ್ ಕಂಪನಿ ಮಾದರಿ ತೆಳ್ಳನ ರೀಫಿಲ್ ಬೇಕಾಗತೈತಿ, ನಮ್ಮ ಜವಾಹರ ರಸ್ತೆ ಅಂಗಡ್ಯಾಗ ಕೇಳಿದ್ರ ಸಿಕ್ಕರ ಸಿಕ್ತು. ಮಾಸ್ತರಿಗೆ, ಊರಾಗಿನ ಹಿರಿಯರಿಗೆ ಕೊಡೋ ಪೆನ್ನಾದ್ರ ಪಾರ್ಕರ್ ಮಾದರಿ ರೀಫಿಲ್ ಕುಂದ್ರೋ ಕಿಟ್ ತಗೋರಿ, ಅದು ಸಣ್ಣ ಊರಿನ ಬುಕ್ ಸ್ಟಾಲ್‌ನಾಗೂ ಸಿಗತೈತಿ, ಆ ಕಿಟ್ಟಿನ ಕೊಳವಿ 7 ಎಂಎಂಕಿಂತ ದಪ್ಪ ಇರೋದ್ರಿಂದ ಡ್ರಿಲ್ ಬಿಟ್ಟೂ ಅದಕ್ಕ ತಕ್ಕದ್ದ ಮೊದಲ ತಂದು ಇಟ್ಕೋರಿ.